ಕೊನೆಯ ಮೆನುವಿನ ಕೊನೆಯ ಸಾಲು

ಮಾರ್ಚ್ ೪

ಮಾನ್ಯರೇ,

ಅಕ್ಷರ ನೋಡಿ ಯಾರೋ ಈಗಷ್ಟೇ ಬರೆಯಲು ಕಲಿತವರ ಪತ್ರ ಎಂದುಕೊಳ್ಳಬೇಡಿ. ಇದು ನನ್ನ ಎಡಗೈ. ಬಲಭುಜ ಜನವರಿಯಿಂದ ಮುಷ್ಕರ ಹೂಡಿದೆ. ಮೇಲಕ್ಕೂ ಏಳುವುದಿಲ್ಲ, ಮುಂದಕ್ಕೂ ಚಾಚುವುದಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಹಳೆಯ ನಂಬರಿನಲ್ಲಿ ಈಗ ಒಬ್ಬ ಹಲ್ಲಿನ ಡಾಕ್ಟರಿದ್ದಾರೆ. ಎರಡು ಸಲ ಮಾಡಿದ್ದಕ್ಕೆ ನನಗೊಂದು ಅಪಾಯಿಂಟ್‌ಮೆಂಟೂ ಗಂಟುಬಿದ್ದಿದೆ. ನಿಮ್ಮ ವಿಳಾಸ ಹುಡುಕಿಕೊಟ್ಟದ್ದು ನನ್ನ ಅತ್ತಿಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಯಾರನ್ನಾದರೂ ಪತ್ತೆ ಹಚ್ಚುವುದೆಂದರೆ ಅವರಿಗೆ ಎಲ್ಲಿಲ್ಲದ ಹುಮ್ಮಸ್ಸು.

ಇದು ವ್ಯವಹಾರದ ಪತ್ರ. ನಾವಿಬ್ಬರೂ ಸೇರಿ ಶುರುಮಾಡಿದ ನೇಯ್ಗೆಮನೆ ಅದೇ ಮೂರನೇ ಮಹಡಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಈಗಲೂ ನಡೆಯುತ್ತಿದೆ. ವಿನ್ಯಾಸ ಬಿಡಿಸಲು ನೀವು ಜಾವಾದಲ್ಲಿ ಬರೆದುಕೊಟ್ಟ ಪ್ರೋಗ್ರಾಮನ್ನೇ ಈಗಲೂ ಬಳಸುತ್ತಿದ್ದೇನೆ. ಹಳೆಯ ಕಂಪ್ಯೂಟರು ಭುಜದ ಜೊತೆಗೇ ಕೈಕೊಟ್ಟಿತು. ಅತ್ತಿಗೆ ಹೊಸದೊಂದನ್ನು ತಂದು ಲಿನಕ್ಸ್ ಹಾಕಿದರು. ಅದರ ಮೇಲೆ ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬುದನ್ನೂ ಹಾಕಿದರು. ನೆಲಕ್ಕೆ ಹಾಸುಗಲ್ಲು ಕೂರಿಸಿದಂತೆ ಅದು ಪರದೆಯ ಮೇಲಿನ ಕಿಟಕಿಗಳನ್ನು ಸಂದಿಲ್ಲದೆ ಜೋಡಿಸುತ್ತದೆ. ಎಲ್ಲವೂ ಕೀಲಿಮಣೆಯಿಂದಲೇ, ಎಡಗೈ ಒಂದಿದ್ದರೆ ಸಾಕು. ಅತ್ತಿಗೆಗೆ ಮೌಸ್ ಕಂಡರೆ ಮೊದಲಿಂದಲೂ ಆಗುವುದಿಲ್ಲ.

ಎಲ್ಲ ಸರಿಯಾಗಿದೆ, ನಿಮ್ಮ ಪ್ರೋಗ್ರಾಮೊಂದು ಬಿಟ್ಟು. ತೆರೆದರೆ ಅರ್ಧ ಸಲ ಬರೀ ಬೂದು ಬಣ್ಣ. ಉಳಿದರ್ಧ ಸಲ ಚಿತ್ರ ಬರುತ್ತದೆ, ಆದರೆ ಮೆನು ಒತ್ತಿದರೆ ಅದು ತನ್ನ ಜಾಗ ಬಿಟ್ಟು ಪರದೆಯ ಇನ್ನೊಂದು ಮೂಲೆಯಲ್ಲಿ ಬೀಳುತ್ತದೆ. ಮೆನು ಸಿಗದೆ ವಿನ್ಯಾಸವನ್ನು ಮಗ್ಗಕ್ಕೆ ಕಳಿಸುವಂತಿಲ್ಲ. ಹೊಸ ನಾಟಕಶಾಲೆಯ ಮುಂಪರದೆ ನನ್ನ ಪಾಲಿಗೆ ಬಂದಿದೆ, ಜೂನ್ ಕೊನೆಗೆ ಅದು ತೂಗಬೇಕು. ನೇಯಲು ಆರು ವಾರ. ಮೇ ಮೊದಲ ವಾರದೊಳಗೆ ಮಗ್ಗ ಓಡದಿದ್ದರೆ ಕೆಲಸ ಬೇರೆಯವರ ಪಾಲು.

ಇದರಿಂದ ನಾನು ಎಲ್ಲ ಮರೆತಿದ್ದೇನೆಂದು ತಿಳಿಯಬೇಡಿ. ನಲವತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಾನು ಬಿಡಿಸಿದ ಗೋಡೆಪರದೆಯ ಮುಂದೆ ನಿಂತು, ಪೇಪರಿನವರಿಗೆ ನೀವು "ಇದನ್ನೆಲ್ಲ ಮಾಡಿದ್ದು ನನ್ನ ಪ್ರೋಗ್ರಾಮು" ಎಂದಿರಿ. ಅದು ಅಚ್ಚಾಯಿತು. ಆ ಕತ್ತರಿಕೆ ಇನ್ನೂ ನನ್ನ ಹತ್ತಿರ ಇದೆ.

ಇಂತಿ,
ಪರದೆ ನೇಯುವವಳು


ಮಾರ್ಚ್ ೧೧

ಮಾನ್ಯರೇ,

ಲಕೋಟೆಯ ಮೇಲಿನ ಅಕ್ಷರ ನೋಡಿ ತೆರಿಗೆ ಇಲಾಖೆಯವರೇ ಅವಸರದಲ್ಲಿ ಬರೆದಿದ್ದಾರೆಂದು ಹೆದರಿದೆ. ಭುಜ ಬೇಗ ವಾಸಿಯಾಗಲಿ. ಹಲ್ಲಿನ ಡಾಕ್ಟರ ಬಳಿ ಹೋಗಿಬನ್ನಿ, ನೀವು ಹಲ್ಲು ಕಡಿಯುವುದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ನಾನೀಗ ತೂಕ ಮತ್ತು ಅಳತೆಯ ಕಚೇರಿಯಲ್ಲಿದ್ದೇನೆ. ದಿನಾ ಅಂಗಡಿ ಅಂಗಡಿ ಸುತ್ತಿ ಖಾಲಿ ತಕ್ಕಡಿ ಸೊನ್ನೆ ತೋರಿಸುತ್ತದೋ ಇಲ್ಲವೋ ನೋಡುವುದು ಕೆಲಸ. ಪ್ರೋಗ್ರಾಮ್ ಬರೆದು ಬಹಳ ಕಾಲವಾಯಿತು, ಆದರೆ ನಿಮ್ಮ ತೊಂದರೆ ಗೊತ್ತಿರುವಂಥದ್ದೇ.

ಸಾಮಾನ್ಯವಾಗಿ ವಿಂಡೋ ಮ್ಯಾನೇಜರ್ ಪ್ರತಿ ಕಿಟಕಿಗೂ ಒಂದು ಚೌಕಟ್ಟು ಹಾಕುತ್ತದೆ. ನಿಮ್ಮ ಅತ್ತಿಗೆ ಹಾಕಿರುವುದು ಚೌಕಟ್ಟೇ ಹಾಕುವುದಿಲ್ಲ. ಜಾವಾಗೆ ಅದು ಗೊತ್ತಿಲ್ಲ. ಇಲ್ಲದ ಚೌಕಟ್ಟನ್ನು ಇದೆ ಎಂದುಕೊಂಡು, ಅದರ ಅಳತೆಯನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಹಾಗಾಗಿ ಮೆನು ಬೀಳಬೇಕಾದ ಕಡೆ ಬೀಳುವುದಿಲ್ಲ. ಇದರಲ್ಲಿ ನಮ್ಮಿಬ್ಬರ ಬಗ್ಗೆ ಏನೋ ಗೂಢಾರ್ಥ ಇದೆ ಎಂದು ಅತ್ತಿಗೆ ಹೇಳಿದರೆ ನಂಬಬೇಡಿ. ಇದು ಬರೀ ಲೆಕ್ಕ.

ಮಾಡಬೇಕಾದ್ದು ಇಷ್ಟು. ಹೆಜ್ಜೆ ಸೊನ್ನೆ: ಪ್ರೋಗ್ರಾಮನ್ನು ಮುಚ್ಚಿ. ಹೆಜ್ಜೆ ಒಂದು: ಜೊತೆಗಿಟ್ಟ ಕಾರ್ಡಿನಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುವ ಸಾಲನ್ನು, ಕಂಪ್ಯೂಟರ್ ಏಳುವಾಗ ಓದಿಕೊಳ್ಳುವ ಕಡತದಲ್ಲಿ ಇದ್ದದ್ದು ಇದ್ದ ಹಾಗೆ ಸೇರಿಸಿ. ಹೆಜ್ಜೆ ಎರಡು: ಹೊರಗೆ ಹೋಗಿ ಮತ್ತೆ ಒಳಗೆ ಬನ್ನಿ. ನೀವಲ್ಲ, ಕಂಪ್ಯೂಟರಿನಲ್ಲಿ.

ಕತ್ತರಿಕೆಯ ವಿಷಯಕ್ಕೆ ಉತ್ತರ ಬರೆಯಲು ಮೂರು ಹಾಳೆ ಹರಿದೆ. ಸದ್ಯಕ್ಕೆ ಕಾರ್ಡು ಕಳಿಸುತ್ತಿದ್ದೇನೆ.

ಇಂತಿ,
ತಕ್ಕಡಿ ಪರೀಕ್ಷಿಸುವವಳು


ಮಾರ್ಚ್ ೧೮

ತಕ್ಕಡಿಯವರೇ,

ಏನೂ ಆಗಲಿಲ್ಲ. ಬೂದು ಹಾಗೇ ಇದೆ. ಮೆನು ಈಗ ಇನ್ನೂ ಧೈರ್ಯವಾಗಿ ದೂರ ಹೋಗುತ್ತಿದೆ ಎಂದು ನನ್ನ ಅನುಮಾನ. ಇಲ್ಲ, ಮೊದಲಿನಷ್ಟೇ ದೂರ ಎಂದು ಅತ್ತಿಗೆ. ಅವರು ಕೈಯಿಟ್ಟು ಪರದೆ ಅಳೆದರು. ಒಂದು ಗೇಣು, ಎರಡು ಬೆರಳು.

"ನಾನು ಅಕ್ಷರಕ್ಕಕ್ಷರ ಹಾಕಿದ್ದೀನಿ, ತಪ್ಪಿದ್ರೆ ಅವಳ ಕಾರ್ಡಲ್ಲೇ ತಪ್ಪಿರ್ಬೇಕು" ಎನ್ನುತ್ತಿದ್ದಾರೆ ಅತ್ತಿಗೆ. ತಾವು ಹಾಕಿದ ಸಾಲನ್ನು ಕಾಗದದ ಮೇಲೆ ಬರೆದು ಕೊಟ್ಟಿದ್ದಾರೆ, ಲಗತ್ತಿಸಿದ್ದೇನೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ರಾಂಗ್ ನಂಬರ್ ಕೊಟ್ಟಿಲ್ಲವಂತೆ. ನಿಮಗೆ ತಿಳಿಸಲೇಬೇಕೆಂದರು, ತಿಳಿಸಿದ್ದೇನೆ.

ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಎರಡು ಹುಳುಕು. ನೀವು ಊರು ಬಿಟ್ಟು ಹೋದ ಹನ್ನೆರಡು ವರ್ಷಕ್ಕೆ ನಿಮ್ಮಿಂದ ಆದ ಮೊದಲ ಉಪಕಾರ ಇದು.

ಇಂತಿ,
ಪರದೆಯವಳು


ಮಾರ್ಚ್ ೨೫

ಪರದೆಯವರೇ,

ಅತ್ತಿಗೆಯವರ ಸಾಲು ನೋಡಿದೆ. ಕಚೇರಿಯಲ್ಲಿ ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ಎದ್ದು ಬಂದರು. ನಾನು ಕೊಟ್ಟ ಸಾಲಿನ ಮೊಟ್ಟಮೊದಲು ಒಂದು ಅಡಿಗೆರೆ ಇದೆ, ಅವರು ಅದನ್ನು ಬಿಟ್ಟಿದ್ದಾರೆ. ಕಾರ್ಡಿನಲ್ಲಿ ಅದು ಪೆನ್ನು ಜಾರಿದ ಹಾಗೆ ಕಂಡಿರಬೇಕು. ಅದಿಲ್ಲದಿದ್ದರೆ ಉಳಿದ ಇಪ್ಪತ್ತೆಂಟು ಅಕ್ಷರಕ್ಕೂ ಮೂರು ಕಾಸಿನ ಬೆಲೆಯಿಲ್ಲ. ತಪ್ಪು ಅತ್ತಿಗೆಯವರದಲ್ಲ, ನನ್ನ ಪೆನ್ನಿನದು. ಅವರ ದಾಖಲೆ ಹಾಗೇ ಉಳಿಯಲಿ. ಈ ಸಲ ಅಡಿಗೆರೆಯನ್ನು ಕೆಂಪು ಶಾಯಿಯಲ್ಲಿ ಎಳೆದಿದ್ದೇನೆ.

ಅದು ಸರಿಹೋದ ಮೇಲೆ ಪ್ರತಿ ಮೆನುವನ್ನೂ ಒಮ್ಮೆ ತೆರೆದು ನೋಡಿ, ಒಂದೊಂದರ ಬಗ್ಗೆ ಒಂದೊಂದು ಸಾಲು ಬರೆಯಿರಿ.

ಇನ್ನೊಂದು ಪ್ರಶ್ನೆ, ದುರಸ್ತಿಗೆ ಸಂಬಂಧವಿಲ್ಲದ್ದು. ನಮ್ಮ ಜಗಳವಾದ ವಾರದ ಮೇಲೆ ನಾನು ಬಾಗಿಲ ಕೆಳಗಿನಿಂದ ಒಂದು ಸಿ.ಡಿ. ತಳ್ಳಿ ಹೋಗಿದ್ದೆ, ಪ್ರೋಗ್ರಾಮಿನ ಹೊಸ ಆವೃತ್ತಿ. ವಿನ್ಯಾಸವನ್ನು ನೇರ ಮಗ್ಗಕ್ಕೆ ಕಳಿಸುವುದು ಅದರಲ್ಲಿ ಮಾತ್ರ ಇತ್ತು, ಹಾಗಾಗಿ ಅದನ್ನೇ ನೀವು ಬಳಸುತ್ತಿರುವಿರಿ ಎಂದು ನಿಮ್ಮ ಪತ್ರದಿಂದ ಗೊತ್ತಾಯಿತು. ಹಾಗಾದರೆ ಮೆನು ಐದು, ಅದರ ಕೊನೆಯ ಸಾಲು. ಅದನ್ನು ಎಂದಾದರೂ ತೆರೆದು ನೋಡಿದ್ದೀರಾ? ಅಲ್ಲಿ ನಾನೊಂದು ವಿಷಯ ಹಾಕಿದ್ದೆ. ಹೌದು ಅಥವಾ ಇಲ್ಲ, ಇಷ್ಟು ಬರೆದರೆ ಸಾಕು.

ಇಂತಿ,
ತಕ್ಕಡಿಯವಳು


ಏಪ್ರಿಲ್ ೬

ಲೇ ಸೊನ್ನೆ,

ನಿನ್ನ ಆ ಹಳೆಯ ಹೆಸರು ಬಾಯಿಗೆ ಬಂದೇಬಿಟ್ಟಿತು, ಇನ್ನು "ಮಾನ್ಯರೇ" ಎಂದು ಬರೆಯಲು ನನ್ನಿಂದಾಗದು. ನಿನ್ನ "ಹೆಜ್ಜೆ ಸೊನ್ನೆ" ಓದಿದಾಗಲೇ ನಗು ಬಂದಿತ್ತು, ಬಿಂಕಕ್ಕೆ ತಡೆದುಕೊಂಡಿದ್ದೆ.

ಬೂದು ಹೋಯಿತು! ಅಡಿಗೆರೆ ಹಾಕಿದ್ದೇ ತಡ, ಪರದೆಯ ತುಂಬ ನನ್ನ ವಿನ್ಯಾಸ ಬಂದು ನಿಂತಿತು. ಹದಿಮೂರು ಸಾವಿರ ಚೌಕಳಿ, ಒಂದೂ ಕಳೆದುಹೋಗಿಲ್ಲ. ಅತ್ತಿಗೆ ಕುರ್ಚಿಯಿಂದೆದ್ದು ನನ್ನನ್ನು ಅಪ್ಪಿಕೊಂಡರು, ನೋಯುವ ಭುಜದ ಕಡೆಯಿಂದಲೇ. ನಾನು ಕಿರುಚಿದ್ದು ಸಂತೋಷಕ್ಕೆ ಎಂದೇ ಅವರು ಇವತ್ತಿಗೂ ನಂಬಿದ್ದಾರೆ.

ಮೆನು ಈಗ ತನ್ನ ಜಾಗದಲ್ಲೇ ಬೀಳುತ್ತದೆ. ಆದರೆ ನಿಲ್ಲುವುದಿಲ್ಲ. ಒತ್ತಿದ ತಕ್ಷಣ ಇಣುಕಿ, ಯಾರೋ ಬೈದ ಹಾಗೆ ಒಳಗೆ ಓಡಿಹೋಗುತ್ತದೆ. ಒಂದೊಂದಕ್ಕೂ ಒಂದೊಂದು ಸಾಲು ಬರೆಯುವ ಅಗತ್ಯವಿಲ್ಲ, ಎಲ್ಲಕ್ಕೂ ಅದೇ ರೋಗ. ಹತ್ತು ಸಲ ಒತ್ತಿದರೆ ಒಂದು ಸಲ ಮೊದಲ ಸಾಲು ಓದಲು ಸಿಗುತ್ತದೆ. ಇದಕ್ಕೂ ಒಂದು ಕಾರ್ಡು ಬರೆ.

ಐದನೇ ಮೆನುವಿನ ಕೊನೆಯ ಸಾಲಿನ ಬಗ್ಗೆ ನೀನು ಕೇಳಿದ್ದೆ. ಅದೆಂಥ ಪ್ರಶ್ನೆಯೇ? ಹನ್ನೆರಡು ವರ್ಷದಿಂದ ದಿನಾ ನೋಡುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅದರಲ್ಲಿ ಅಂಥ ವಿಶೇಷ ಏನೂ ಕಂಡಿಲ್ಲ, ನನಗೆ ಅದು ಬರೀ ಕೆಲಸ. ಸುಮ್ಮನೆ ಒತ್ತಿ ಮುಂದೆ ಹೋಗುತ್ತೇನೆ.

ಭುಜ ಈಗ ಕಿವಿಯವರೆಗೆ ಬರುತ್ತಿದೆ. ಬೇಗ ಬರೆ. ಕತ್ತರಿಕೆಯ ವಿಷಯಕ್ಕೆ ಎಷ್ಟು ಹಾಳೆ ಹರಿದೆ ಅಂತ ಲೆಕ್ಕ ಇಟ್ಟಿದ್ದೀಯಾ?

ನಿನ್ನ,
ಗಂಟು
(ಮುಖ ಗಂಟು ಹಾಕಿಕೊಳ್ಳುತ್ತೇನೆಂದು ನೀನಿಟ್ಟ ಹೆಸರು ಇದು. ಈಗ ಹಾಕಿಕೊಂಡಿಲ್ಲ, ಅತ್ತಿಗೆಯೇ ಸಾಕ್ಷಿ.)


ಏಪ್ರಿಲ್ ೧೨

ಮಾನ್ಯರೇ,

ಸಂತೋಷ. ಉಳಿದ ತೊಂದರೆಗೆ ಕಾರಣ ಬರೆಯುತ್ತೇನೆ.

ಜಾವಾ ಏಳುತ್ತಲೇ ವಿಂಡೋ ಮ್ಯಾನೇಜರಿಗೆ "ನಿನ್ನ ಹೆಸರೇನು" ಎಂದು ಕೇಳುತ್ತದೆ. ಅದರ ಬಳಿ ತನಗೆ ಪರಿಚಯವಿರುವ ಹೆಸರುಗಳ ಹಳೆಯ ಪಟ್ಟಿಯಿದೆ. ನಿಮ್ಮಲ್ಲಿರುವುದು ಆ ಪಟ್ಟಿಯಲ್ಲಿಲ್ಲ. ಪರಿಚಯವಿಲ್ಲದವರ ಮುಂದೆ ಜಾವಾ ತಡವರಿಸುತ್ತದೆ. ಮೆನು ತೆರೆದ ಕೂಡಲೇ ಗಮನ ಬೇರೆ ಕಡೆ ಹೋಯಿತೆಂದು ತಿಳಿದು ಮುಚ್ಚಿಬಿಡುತ್ತದೆ. ಪಟ್ಟಿಯಲ್ಲಿರುವ ಒಂದು ಹಳೆಯ ಹೆಸರನ್ನು ಕಾರ್ಡಿನ ಮೇಲೆ ಬರೆದಿದ್ದೇನೆ. ಹೆಸರು ಬದಲಿಸುವ ಪುಟ್ಟ ಉಪಕರಣದ ವಿವರವೂ ಅಲ್ಲಿದೆ. ಪ್ರೋಗ್ರಾಮ್ ತೆರೆಯುವ ಮೊದಲು ಅದನ್ನು ಓಡಿಸಬೇಕು. ಸುಳ್ಳು ಹೆಸರೇ, ಆದರೆ ಯಾರಿಗೂ ನಷ್ಟವಿಲ್ಲ.

ಇದರಿಂದ ಎಲ್ಲ ಸರಿಹೋಗುತ್ತದೆ. ಮತ್ತೆ ಬರೆಯುವ ಅಗತ್ಯ ಬೀಳಲಾರದು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ನೀವದನ್ನು ನೋಡಿಯೇ ಇಲ್ಲವೇನೋ ಎಂದು ಇಷ್ಟು ವರ್ಷ ಒಂದು ಆಸೆ ಇಟ್ಟುಕೊಂಡಿದ್ದೆ. ದಿನಾ ನೋಡಿ, ಒತ್ತಿ, ಮುಂದೆ ಹೋಗಿದ್ದೀರಿ. ನಿಮ್ಮ ತಪ್ಪೇನಿಲ್ಲ. ಅಲ್ಲಿ ಬರೆದದ್ದಕ್ಕೆ ಉತ್ತರ ಕೊಡಲೇಬೇಕೆಂಬ ನಿಯಮವೇನೂ ಇಲ್ಲವಲ್ಲ. ನಾನು ಏಳು ವಾರ ಕಾದೆ, ಆಮೇಲೆ ಈ ಕೆಲಸ ಸಿಕ್ಕಿತು, ಬಂದುಬಿಟ್ಟೆ. ಈಗ ಮನಸ್ಸು ಹಗುರಾಗಿದೆ ಎಂದು ಬರೆಯಬೇಕು, ಬರೆಯುತ್ತಿದ್ದೇನೆ.

ಪರದೆ ಚೆನ್ನಾಗಿ ಬರಲಿ.

ಇಂತಿ,
ತೂಕ ಮತ್ತು ಅಳತೆ


ಏಪ್ರಿಲ್ ೧೮, ಶುಕ್ರವಾರ

ಸೊನ್ನೆ, ಸೊನ್ನೆ, ಸೊನ್ನೆ,

ಅಕ್ಷರ ನೋಡಿದೆಯಾ? ಇದು ಬಲಗೈ. ನೋಯುತ್ತದೆ, ನೋಯಲಿ. ಈ ಪತ್ರವನ್ನು ಎಡಗೈಯಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ನಿನ್ನ ಪತ್ರ ನಿನ್ನೆ ಬೆಳಿಗ್ಗೆ ಬಂತು. "ನೀನು" ಎಂದು ನಾನು ಕೈಚಾಚಿದರೆ ನೀನು ಮತ್ತೆ "ನೀವು" ಎನ್ನುವ ಅಟ್ಟ ಹತ್ತಿ ಏಣಿ ಎಳೆದುಕೊಂಡಿದ್ದೆ. ಓದಿ ಮೈ ಉರಿಯಿತು. ಏನು ನೋಡಿದೆ ನಾನು, ಏನು ಒತ್ತಿದೆ? ಐದನೇ ಮೆನು ಎಂದರೆ ಮಗ್ಗದ ಮೆನು. ಅದರ ಕೊನೆಯ ಸಾಲು "ಮಗ್ಗಕ್ಕೆ ಕಳಿಸು". ಅದನ್ನು ಒತ್ತಿದ್ದಕ್ಕೆ ಇವಳಿಗೇಕೆ ಇಷ್ಟು ದುಃಖ ಎಂದು ಪತ್ರವನ್ನು ಅತ್ತಿಗೆಯ ಮುಂದೆ ಎಸೆದೆ.

ಅತ್ತಿಗೆ ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಆಮೇಲೆ ಕೇಳಿದರು: "ಇವಳಿಗೆ ಸೊನ್ನೆ ಅಂತ ಯಾಕೆ ಹೆಸರಿಟ್ಟೆ?"

"ಎಲ್ಲಾನೂ ಸೊನ್ನೆಯಿಂದ ಎಣಿಸ್ತಾಳೆ ಅಂತ. ಮೆಟ್ಟಿಲು ಹತ್ತೋವಾಗ್ಲೂ ಮೊದಲ ಮೆಟ್ಟಿಲಿಗೆ ಸೊನ್ನೆ ಅಂತಿದ್ಲು."

"ಹಾಗಾದ್ರೆ ಎಣಿಸು" ಎಂದು ಅತ್ತಿಗೆ ಬೆರಳು ಮಡಿಸಲು ಶುರುಮಾಡಿದರು. "ಕಡತ, ಸೊನ್ನೆ. ತಿದ್ದು, ಒಂದು. ನೋಟ, ಎರಡು. ದಾರ, ಮೂರು. ಮಗ್ಗ, ನಾಲ್ಕು." ಇನ್ನೊಂದು ಕೈಯ ಬೆರಳು ಮಡಿಸಿ ನನ್ನ ಮುಖ ನೋಡಿದರು. "ಸಹಾಯ, ಐದು. ಅದನ್ನ ತೆರೆದಿದ್ದೀಯಾ?"

ಇಲ್ಲ ಕಣೇ. ಒಂದೇ ಒಂದು ಸಲವೂ ಇಲ್ಲ. ಪ್ರೋಗ್ರಾಮನ್ನು ನಿನ್ನ ಪಕ್ಕ ಕೂತು ಕಲಿತವಳು ನಾನು, ಮೊದಲು ಸಹಾಯ ಬೇಕಾಗಲಿಲ್ಲ. ಜಗಳವಾದ ಮೇಲೆ, ಅವಳ ಸಹಾಯ ನನಗೆ ಬೇಡ ಎಂದು ಆಣೆ ಹಾಕಿಕೊಂಡೆ. ಸಿ.ಡಿ. ಹಾಕಿಕೊಂಡದ್ದು ಯಾಕೆ ಎಂದು ಕೇಳಬೇಡ, ಹಳೆಯದರಲ್ಲಿ ದಾರದ ಲೆಕ್ಕ ತಪ್ಪುತ್ತಿತ್ತು. ಹನ್ನೆರಡು ವರ್ಷ ಆ ಮೆನು ಪರದೆಯ ಬಲತುದಿಯಲ್ಲಿ ನನ್ನನ್ನೇ ನೋಡುತ್ತಿತ್ತು, ನಾನು ಮುಖ ತಿರುಗಿಸಿಕೊಂಡು ಕೆಲಸ ಮಾಡುತ್ತಿದ್ದೆ. ನನ್ನಷ್ಟು ಹಟಮಾರಿ ಇನ್ನೊಬ್ಬಳಿಲ್ಲ ಎಂದು ಅತ್ತಿಗೆ ಹೇಳಿದರು. ಇದ್ದಾಳೆ, ವಿಳಾಸ ನೀವೇ ಹುಡುಕಿಕೊಟ್ಟಿರಿ ಎಂದೆ.

ತಕ್ಷಣ ನಿನ್ನ ಕಾರ್ಡು ಹಿಡಿದು ಕೂತೆವು. ಸುಳ್ಳು ಹೆಸರು ಹಾಕುವಾಗ ಅತ್ತಿಗೆಗೆ ಕೈ ಬರಲಿಲ್ಲ. "ಎಕ್ಸ್‌ಚೇಂಜಲ್ಲಿ ಸುಳ್ಳು ಹೆಸರು ಹೇಳಿದೋರಿಗೆ ನಾನು ಲೈನೇ ಕೊಟ್ಟಿಲ್ಲ, ಈಗ ನಾನೇ ಹೇಳ್ಬೇಕಾಯ್ತಲ್ಲಪ್ಪ!" ಎಂದು ಗೊಣಗುತ್ತ ಹಾಕಿದರು. ಪ್ರೋಗ್ರಾಮ್ ತೆರೆದೆ. ಕಡತ ಒತ್ತಿದೆ. ಬಿತ್ತು, ನಿಂತಿತು. ತಿದ್ದು, ನಿಂತಿತು. ಮಗ್ಗ, ನಿಂತಿತು. ಒಂದೊಂದೂ ಪಾಠ ಒಪ್ಪಿಸುವವರ ಹಾಗೆ ಅಲುಗಾಡದೆ ನಿಂತವು. ನಾನು ಸಹಾಯದ ಮೇಲೆ ಬಂದು, ಮತ್ತೆ ಮಗ್ಗಕ್ಕೇ ಹಿಂದಿರುಗಿ, ಮತ್ತೆ ಸಹಾಯಕ್ಕೆ ಬಂದೆ. "ಒತ್ತೇ" ಎಂದರು ಅತ್ತಿಗೆ.

ಕೊನೆಯ ಸಾಲು, "ಈ ಪ್ರೋಗ್ರಾಮಿನ ಬಗ್ಗೆ". ತೆರೆದರೆ ಒಂದು ಪುಟ್ಟ ಪೆಟ್ಟಿಗೆ. ನೀನು ಬರೆದದ್ದು ನಿನಗೇ ಮರೆತಿರಬಹುದು, ಇಲ್ಲಿ ನಕಲು ಮಾಡುತ್ತೇನೆ:

"ಈ ಪ್ರೋಗ್ರಾಮಿಗೆ ನೇಯಲು ಬರುವುದಿಲ್ಲ. ಇದು ಬರೀ ಚೌಕಳಿ ಕಾಗದ. ಗೋಡೆಪರದೆ ಮಾಡಿದವಳು ನೀನು. ಪೇಪರಿನವರ ಕ್ಯಾಮೆರಾ ನೋಡಿ ಬಾಯಿ ಒಣಗಿತು, ತಲೆ ತಿರುಗಿತು, ದೊಡ್ಡವಳಾಗಬೇಕೆನ್ನಿಸಿತು. ತಪ್ಪಾಯಿತು. ಗುರುವಾರ ಸಂಜೆ ಐದಕ್ಕೆ ಮೆಟ್ಟಿಲ ತಿರುವಿನಲ್ಲಿ ಇರುತ್ತೇನೆ. ನೀನು ಏನೂ ಹೇಳಬೇಡ. ಬಾಗಿಲು ತೆಗೆದರೆ ಸಾಕು."

ಅತ್ತುಬಿಟ್ಟೆ, ಸೊನ್ನೆ. ಮೂಗು ಸೋರುವ ಹಾಗೆ ಅತ್ತೆ, ಅತ್ತಿಗೆಯೂ ಜೊತೆಗೆ ಕೂತು ಅತ್ತರು. ಆಮೇಲೆ ಇಬ್ಬರಿಗೂ ನಗು ಬಂದುಬಿಟ್ಟಿತು. ಬಾಗಿಲು ಬಡಿಯುವುದು ಬಿಟ್ಟು, ಕ್ಷಮಾಪಣೆಯನ್ನು ಮೆನುವಿನ ಬಾಲದಲ್ಲಿ ಬಚ್ಚಿಟ್ಟು, ಮೆಟ್ಟಿಲ ಮೇಲೆ ಹೋಗಿ ಕೂರುವವರು ಪ್ರಪಂಚದಲ್ಲಿ ಇನ್ನಾರಾದರೂ ಇದ್ದಾರೇನೇ? ನಾನು ಒಳಗೇ ಇದ್ದೆ. ಮಗ್ಗದ ಸದ್ದಿನಲ್ಲಿ ನೀನು ಹೊರಗೆ ಕೆಮ್ಮಿದ್ದರೂ ಕೇಳುತ್ತಿರಲಿಲ್ಲ.

ಕೆಳಗೆ ಓಡಿಹೋಗಿ ಸೈಕಲ್ ಅಂಗಡಿಯವರನ್ನು ಕೇಳಿದೆ. "ಹೌದು, ಬರ್ತಿದ್ರು. ಏಳು ವಾರ" ಎಂದರು, ಚಕ್ರ ತಿರುಗಿಸುತ್ತಲೇ. "ಮೆಟ್ಟಿಲು ತಣ್ಣಗಿರುತ್ತೆ ಅಂತ ಮೂರನೇ ವಾರದಿಂದ ಒಂದು ಹಳೇ ಸೀಟು ಕೊಟ್ಟಿದ್ದೆ. ನಿಮ್ಮಿಬ್ಬರ ಜಗಳದಲ್ಲಿ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ." ಊರಲ್ಲಿ ಎಲ್ಲರೂ ಬಾಯಿ ಹಾಕುತ್ತಾರೆ, ಬೇಕಾದ ಒಬ್ಬರು ಹಾಕಲಿಲ್ಲ. ಚೆನ್ನಾಗಿ ಬೈದೆ. ಆಮೇಲೆ ಆ ಸೀಟನ್ನು ಕೇಳಿದೆ. ಇನ್ನೂ ಇಟ್ಟಿದ್ದಾರೆ, ಚರ್ಮ ಸ್ವಲ್ಪ ಹರಿದಿದೆ ಅಷ್ಟೆ.

ವಿನ್ಯಾಸ ಮಗ್ಗಕ್ಕೆ ಹೋಯಿತು. ಇದನ್ನು ಬರೆಯುವಾಗ ಪಕ್ಕದಲ್ಲಿ ಅದು ಖಟಕ್ ಖಟಕ್ ಎಂದು ಓಡುತ್ತಿದೆ, ಮುಂಪರದೆಯ ಮೊದಲ ಗೇಣು ಆಗಲೇ ಇಳಿದಿದೆ. ಕೆಂಪು ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿದೆ. ಪೇಪರಿನವರು ಈ ಸಲವೂ ಬರುತ್ತಾರಂತೆ. ನನ್ನ ಪಕ್ಕ ನಿಲ್ಲಬೇಕಾದವಳು ನೀನು, ಬಾಯಿ ಒಣಗಿದರೆ ನೀರಿನ ಲೋಟ ನಾನು ಹಿಡಿದಿರುತ್ತೇನೆ. ಹಳೆಯ ಕತ್ತರಿಕೆಯನ್ನು ಮಡಿಸಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ. ಮೇಜು ಈಗ ಅಲುಗುವುದಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಇತ್ತು, ಬಹಳ ಇತ್ತು; ಅದರಡಿಯಲ್ಲಿ ನೀನು ಬೇಕು ಅನ್ನುವುದೂ ಅಷ್ಟೇ ಇತ್ತು. ಸೀಟನ್ನು ಒರೆಸಿ ಮೆಟ್ಟಿಲ ತಿರುವಿನಲ್ಲಿ ಇಟ್ಟಿದ್ದೇನೆ. ಐದು ಗಂಟೆಗೆ ಮಗ್ಗ ನಿಲ್ಲಿಸುತ್ತೇನೆ, ನಿನ್ನ ಹೆಜ್ಜೆ ಕೇಳಬೇಕಲ್ಲ. ಐದು ಎಂದರೆ ಎಲ್ಲರ ಗಡಿಯಾರದ ಐದೇ, ನಿನ್ನ ಲೆಕ್ಕ ಇಲ್ಲಿ ತರಬೇಡ.

ಯಾವ ಗುರುವಾರ ಎಂದು ನೀನು ಅಲ್ಲಿ ಬರೆದಿಲ್ಲ. ಮೂರು ಸಲ ಓದಿ ನೋಡಿದೆ, ಬರೆದೇ ಇಲ್ಲ. ಹಾಗಾದರೆ ನಾನು ತಡ ಮಾಡಿಲ್ಲ. ಬಾ.

ನಿನ್ನ,
ಗಂಟು